ಗೌಡರ ಹೊಟ್ಟೆಯ ಮೂರು ಬೆರಳು

ದೇವಿದಾಸ ಡಾಕ್ಟರನಾಗುವುದಕ್ಕೆ ಇನ್ನೂ ಒಂದು ಪರೀಕ್ಷೆ ಬಾಕಿಯಿತ್ತು. ಡಾಕ್ಟರನ ಟೊಪ್ಪಿಗೆ ಮಾತ್ರ ಬಾಕಿಯಿರಲಿಲ್ಲ. ಅದನ್ನು ಅವನು ಪುಣೆಯ ಹಳೆಸಾಮಾನಿನ ಅಂಗಡಿಯಲ್ಲಿ ಮುಂಗಡವಾಗಿಯೇ ಕೊಂಡುಬಿಟ್ಟಿದ್ದ. ಬಿಳಿ ಬೆಂಡಿನ ಟೊಪ್ಪಿಗೆ. ಯಾವ ಸಾಹೇಬ ಬಿಟ್ಟುಹೋದದ್ದೋ, ಒಳಗೆ ಬೇರೆ ತಲೆಯ ಎಣ್ಣೆಯ ಕಲೆಯಿತ್ತು. ಆ ತಲೆ ದೊಡ್ಡದಿತ್ತೆಂದು ಕಾಣುತ್ತದೆ, ಏಕೆಂದರೆ ಹಾಕಿಕೊಂಡರೆ ಅದು ದೇವಿದಾಸನ ಎರಡೂ ಕಿವಿಗಳನ್ನು ಮುಚ್ಚುತ್ತಿತ್ತು. ಕಿವಿ ಮುಚ್ಚಿಕೊಂಡು ಊರು ತಿರುಗುವ ಡಾಕ್ಟರನಿಂದ ಏನಾಗುತ್ತದೆಂಬುದು ಮುಂದೆ ಎಲ್ಲರಿಗೂ ತಿಳಿಯಿತು. ಅವನಿಗೆ ಎಲ್ಲರಿಗಿಂತ ಕೊನೆಗೆ ತಿಳಿಯಿತು.

ಅವನ ತಾಯಿ ಕಾಶಿ ಕಾರವಾರದ ಕಡಲದಂಡೆಯವಳು, ಒಣಮೀನು ಮಾರುವವಳು. ಗಂಡ ಸತ್ತ ಮೇಲೆ ಬುಟ್ಟಿ ಹೊತ್ತು ಕದ್ವಾಡ, ಹಾರವಾಡ, ಅಂಕೋಲೆ, ಅದರಾಚೆಯ ಕಾಡಿನ ಊರುಗಳವರೆಗೂ ತಿರುಗಿ ಮಗನನ್ನು ಓದಿಸಿದ್ದಳು. ಮಗ ರಜೆಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ತನ್ನ ಪೆಟ್ಟಿಗೆಯನ್ನು ಮೀನಿನ ಬುಟ್ಟಿಗಳಿಂದ ದೂರ ಎಳೆದಿಟ್ಟದ್ದು.

"ವಾಸನೆ ಹಿಡೀತದೆ ಆಯಿ."

"ಹಿಡೀಲಿ ಪುತಾ. ಆ ವಾಸ್ನೆನೇ ನಿನ್ನ ಓದ್ಸಿದ್ದು," ಅಂದಳು ಕಾಶಿ, ಪೆಟ್ಟಿಗೆಯ ಮೇಲೆಯೇ ಒಂದು ಬುಟ್ಟಿಯನ್ನಿಟ್ಟು.

ಅವನು ಕಲಿಯುತ್ತಿದ್ದ ವೈದ್ಯಶಾಲೆಯಲ್ಲಿ ಆ ವರ್ಷ ಒಂದು ಹೊಸ ಕಟ್ಟಳೆ ಬಂದಿತ್ತು. ಕೊನೆಯ ವರ್ಷಕ್ಕೆ ಕಾಲಿಡುವವರು ಬೇಸಿಗೆಯಲ್ಲಿ ಯಾವುದಾದರೊಂದು ದವಾಖಾನೆಯಲ್ಲಿ ಉಮೇದುವಾರಿ ಮಾಡಬೇಕು, ಎಂದರೆ ಸಂಬಳವಿಲ್ಲದೆ ಕೆಲಸ ಕಲಿಯಬೇಕು. ಅದರ ಜೊತೆಗೆ ಯಾರ ಸಹಾಯವೂ ಇಲ್ಲದೆ ಸ್ವಂತವಾಗಿ ಒಂದು ವಿಷಯವನ್ನು ಶೋಧಿಸಿ ಬರೆದು ತರಬೇಕು. ಯಾರ ಸಹಾಯವೂ ಇಲ್ಲದೆ ಎಂದರೆ ಯಾರ ಮಾತನ್ನೂ ಕೇಳದೆ ಎಂದು ದೇವಿದಾಸ ಅರ್ಥಮಾಡಿಕೊಂಡ. ಕಲಿತವರು ಹೀಗೆ ಅರ್ಥಮಾಡಿಕೊಳ್ಳುವುದು ಹೊಸದೇನಲ್ಲ.

ಉಮೇದುವಾರಿ ಸಿಕ್ಕಿದ್ದು ಅಂಕೋಲೆಯ ದವಾಖಾನೆಯಲ್ಲಿ, ರಾಮನಾಥ ಡಾಕ್ಟರರ ಕೈಕೆಳಗೆ. ನಸ್ಯ ಏರಿಸುತ್ತ, ಸೀನುತ್ತ, ಎರಡು ಸೀನಿನ ನಡುವೆ ರೋಗಿಯನ್ನು ನೋಡುವ ಮುದುಕರು ಅವರು. ಘಟ್ಟದ ಬುಡದ ಊರುಗಳಲ್ಲಿ ಚಳಿಜ್ವರ ಎಷ್ಟಿದೆಯೆಂದು ನೋಡಿಕೊಂಡು ಬಾ, ಅದೇ ನಿನ್ನ ಶೋಧ ಎಂದರು. ನೋಡುವ ಬಗೆಯನ್ನೂ ಹೇಳಿಕೊಟ್ಟರು. ಚಳಿಜ್ವರ ಹಳೆಯದಾದರೆ ಎಡಗಡೆಯ ಪಕ್ಕೆಲುಬಿನ ಕೆಳಗೆ ಗಡ್ಡೆ ಬೆಳೆಯುತ್ತದೆ. ರೋಗಿಯನ್ನು ಅಂಗಾತ ಮಲಗಿಸಬೇಕು, ಮೊಣಕಾಲು ಮಡಚಿಸಬೇಕು, ಹೊಟ್ಟೆಯನ್ನು ಮೆಲ್ಲಗೆ ಒತ್ತಿ, ಗಡ್ಡೆ ಪಕ್ಕೆಯಿಂದ ಎಷ್ಟು ಬೆರಳು ಕೆಳಗಿಳಿದಿದೆಯೆಂದು ಅಳೆಯಬೇಕು. ಬೆರಳು ಹೆಚ್ಚಾದಷ್ಟೂ ಊರಿನಲ್ಲಿ ಜ್ವರ ಹೆಚ್ಚು. ಕ್ವಿನೈನ್ ಗುಳಿಗೆ, ಜನರ ಬಾಯಲ್ಲಿ ಕೊಯ್ನಾ ಗುಳಿಗೆ, ಕೊಟ್ಟರೆ ಗಡ್ಡೆ ಕರಗುತ್ತದೆ.

"ಇಷ್ಟೇ," ಎಂದರು ರಾಮನಾಥ ಡಾಕ್ಟರರು. "ಆದರೆ ಒಂದು ನೆನಪಿಡು. ಮೊದಲು ಬಾಯಿ, ಆಮೇಲೆ ಕೈ. ಯಾಕೆ ಮುಟ್ತಾ ಇದ್ದಿ ಅಂತ ಹೇಳದೆ ಯಾರ ಹೊಟ್ಟೇನೂ ಮುಟ್ಟಬೇಡ."

ದೇವಿದಾಸ ಟೊಪ್ಪಿಗೆಯೊಳಗಿಂದ ತಲೆಯಾಡಿಸಿದ. ಟೊಪ್ಪಿಗೆ ಆಡಲಿಲ್ಲ, ತಲೆಯೊಂದೇ ಆಡಿತು.

ಹಿಲ್ಲೂರಿಗೆ ಅವನನ್ನು ಕರೆದುಕೊಂಡು ಹೋದವನು ಉಗ್ರಾಣಿ ತಿಮ್ಮು. ಸರ್ಕಾರದ ಸುದ್ದಿಯನ್ನು ಊರಿಗೆ ಮುಟ್ಟಿಸುವುದು ಉಗ್ರಾಣಿಯ ಕೆಲಸ; ತಿಮ್ಮು ಅದರ ಜೊತೆಗೆ ಉಳಿದವರೆಲ್ಲರ ಸುದ್ದಿಯನ್ನೂ ಬಿಟ್ಟಿಯಾಗಿ ಮುಟ್ಟಿಸುತ್ತಿದ್ದ. ಬಿಳಿ ಟೊಪ್ಪಿಗೆ ಗದ್ದೆಯ ಬದುವಿನ ಮೇಲೆ ಕಂಡದ್ದೇ ತಡ, ಊರು ಬರಿದಾಯಿತು. ಕರ ಕೊಡುವುದಿಲ್ಲವೆಂದು ಜನ ಕುಳಿತ ವರ್ಷ ಇಂಥವೇ ಟೊಪ್ಪಿಗೆಗಳು ಬಂದು ತಾಮ್ರದ ಹಂಡೆಯಿಂದ ಹಿಡಿದು ಕರೆಯುವ ಎಮ್ಮೆಯವರೆಗೆ ಜಪ್ತಿ ಮಾಡಿಕೊಂಡು ಹೋಗಿದ್ದವು. ಹಂಡೆಗಳು ಹುಲ್ಲಿನ ಬಣವೆಯೊಳಗೆ ಹೊಕ್ಕವು. ಎಮ್ಮೆಗಳು ಕಾಡು ಹೊಕ್ಕವು.

"ಜಪ್ತಿ ಅಲ್ರಾ! ಹೊಟ್ಟಿ ನೋಡೂಕೆ ಬಂದವ್ರು, ದಾಕ್ತರ್ರು!" ಎಂದು ತಿಮ್ಮು ಕೂಗಿದ.

"ಹಂಡೆ ಆತು, ಎಮ್ಮಿ ಆತು, ಈಗ ಹೊಟ್ಟಿನೂ ಜಪ್ತಿ ಮಾಡ್ತ್ರಾ?" ಎಂದು ಬೇಲಿಯ ಹಿಂದಿನಿಂದ ಉತ್ತರ ಬಂತು. ಅಂದವಳು ಸುಕ್ರಿ. ಜಪ್ತಿಯಲ್ಲಿ ಅವಳ ಹಂಡೆ ಹೋಗಿತ್ತು, ಅದರ ಹಿಂದಿನ ವರ್ಷ ಗಂಡ ಹೋಗಿದ್ದ. ಉಳಿದವಳು ದುರ್ಗಿಯೆಂಬ ಒಬ್ಬಳೇ ಮಗಳು. ದುರ್ಗಿಗೆ ಕದ್ವಾಡದ ಪುಟ್ಟು ಗೌಡರ ಮಗ ಮಾದುವಿನ ಜೊತೆ ಮಾತು ಮುಗಿದಿತ್ತು. ಮಳೆ ಹಿಡಿಯುವ ಮೊದಲು ಮದುವೆ. ಹುಡುಗಿಗೆ ವಾರಕ್ಕೆ ಎರಡು ಸಲ ಚಳಿ ಬರುತ್ತಿತ್ತು, ಆದರೆ ಹಿಲ್ಲೂರಿನಲ್ಲಿ ಅದನ್ನು ಯಾರೂ ರೋಗವೆಂದು ಎಣಿಸುತ್ತಿರಲಿಲ್ಲ. ನಡುಗುವಷ್ಟು ಹೊತ್ತು ನಡುಗಿ, ಬೆವತು, ಎದ್ದು ಭತ್ತದ ನೇಜಿ ಕೀಳಲು ಹೋಗುತ್ತಿದ್ದರು.

ಊರಗೌಡರಾದ ಜಟ್ಟ ಗೌಡರು ಮೀಸೆ ಸರಿಮಾಡಿಕೊಳ್ಳುತ್ತ ಬಂದರು. ಹಿಲ್ಲೂರಿನಲ್ಲಿ ಎಲ್ಲದಕ್ಕೂ ಗೌಡರು ಮೊದಲು. ಮೊದಲ ನೇಗಿಲು ಅವರದು, ಮೊದಲ ವೀಳ್ಯ ಅವರದು, ಜಪ್ತಿಯ ಕಾಲದಲ್ಲಿ ಪೋಲೀಸನ ಮೊದಲ ಬೈಗುಳವೂ ಅವರದೇ. ಈ ಹೊಸ ಮರ್ಯಾದೆ ಏನೆಂದು ಗೊತ್ತಾಗದಿದ್ದರೂ ಅದನ್ನು ಬಿಟ್ಟುಕೊಡುವ ಹಾಗಿರಲಿಲ್ಲ. ಅವರೇ ಮೊದಲು ಕಂಬಳಿಯ ಮೇಲೆ ಅಂಗಾತ ಮಲಗಿದರು.

ಇಲ್ಲಿ ದೇವಿದಾಸ ಬಾಯಿ ತೆರೆಯಬೇಕಾಗಿತ್ತು. ಆದರೆ ಪುಣೆಯ ದೊಡ್ಡ ಡಾಕ್ಟರರು ರೋಗಿಯೊಡನೆ ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಮಾತಾಡದೆ ಇರುವುದೇ ಡಾಕ್ಟರಿಕೆಯ ಅರ್ಧವೆಂದು ಅವನು ನಂಬಿದ್ದ. ಮುಖ ಗಂಟಿಕ್ಕಿಕೊಂಡು ಗೌಡರ ಮೊಣಕಾಲು ಮಡಚಿದ, ಹೊಟ್ಟೆ ಒತ್ತಿದ, ಕಣ್ಣು ಮುಚ್ಚಿದ, ಮತ್ತೆ ಒತ್ತಿದ. ಆಮೇಲೆ ಊರಿಗೆಲ್ಲ ಕೇಳುವ ಹಾಗೆ ಹೇಳಿದ:

"ಮೂರು ಬೆರಳು!"

ಊರು ಉಸಿರು ಬಿಗಿಹಿಡಿದು ನಿಂತಿತ್ತು. ಹಿಲ್ಲೂರಿನಲ್ಲಿ ಹೀಗೆ ಮಲಗಿಸಿ, ಮೊಣಕಾಲು ಮಡಚಿಸಿ, ಕಣ್ಣು ಮುಚ್ಚಿ ಹೊಟ್ಟೆ ಒತ್ತುವ ಕೈ ಒಂದೇ ಒಂದು. ಅದು ಸೂಲಗಿತ್ತಿ ಗಂಗಿಯದು. ಒತ್ತುವ ಕಾರಣವೂ ಒಂದೇ. ಎಲ್ಲರೂ ತಿರುಗಿ ಗಂಗಿಯನ್ನು ನೋಡಿದರು. ಗಂಗಿ ಮುಂದೆ ಬಂದು, ಗೌಡರ ಹೊಟ್ಟೆಯನ್ನು ಅತ್ತಿತ್ತ ಬಗ್ಗಿ ನೋಡಿದಳು.

"ಎಷ್ಟಂತೆ ಗಂಗಕ್ಕಾ?" ಎಂದ ತಿಮ್ಮು.

"ಮೂರಂತಲ್ಲೋ. ಮೂರಂದ್ರೆ ಮೂರೇ. ಕಾರ್ತೀಕಕ್ಕೆ ಗೌಡ್ರಿಗೆ ತೊಟ್ಲ ಕಟ್ಟೂಕೆ ಬಿದಿರು ಕಡೂದೇ ಸೈ."

ಜಪ್ತಿಯಾದ ಮೇಲೆ ಆ ಊರು ಅಷ್ಟು ನಕ್ಕಿರಲಿಲ್ಲ. ಬಣವೆಯ ಹಿಂದೆ ಅಡಗಿದ್ದವರೂ ಹೊರಬಂದು ನಕ್ಕರು. ಹಿಲ್ಲೂರಿಗೆ ಜ್ವರಗಡ್ಡೆ ಗೊತ್ತಿರಲಿಲ್ಲವೆಂದಲ್ಲ; ಅಲ್ಲಿ ಗಡ್ಡೆಯಿಲ್ಲದ ಹೊಟ್ಟೆಯೇ ಅಪರೂಪ. ಗೊತ್ತಿದ್ದದ್ದರಿಂದಲೇ ಅವರಿಗೆ ಅಷ್ಟು ನಗೆ. ಒಬ್ಬೊಬ್ಬರೇ ಮಲಗಿ ಒತ್ತಿಸಿಕೊಂಡು ತಮ್ಮ ತಿಂಗಳು ಎಷ್ಟೆಂದು ಕೇಳಿಕೊಂಡು ಎದ್ದರು. ಎಲ್ಲಕ್ಕಿಂತ ಜೋರಾಗಿ ನಗುತ್ತಿದ್ದವಳು ದುರ್ಗಿ. ಅವಳ ಸರದಿ ಬಂತು, ದೇವಿದಾಸ ಒತ್ತಿ ನೋಡಿ ನಾಲ್ಕು ಎಂದ. ದುರ್ಗಿ ಎದ್ದು ಕೂತು ಸೆರಗು ಸರಿಮಾಡಿಕೊಂಡು ಗೌಡರಿಗೆ ಕೈಮುಗಿದಳು.

"ಗೌಡ್ರೇ, ನಂದ್ ನಾಕು. ನಿಮಕಿಂತ ಮೊದ್ಲು ನಂದೇ. ಇದೊಂದ್ರಲ್ಲಾರೂ ನಂಗೆ ಮೊದ್ಲ ಮರ್ಯಾದೆ ಕೊಡಿ."

ಗೌಡರು ಮಾತ್ರ ನಗಲಿಲ್ಲ. ಮೀಸೆಯ ತುದಿ ನಡುಗಿತು, ಕಂಬಳಿ ಝಾಡಿಸಿಕೊಂಡು ನಡೆದುಬಿಟ್ಟರು.

ಮರುದಿನ ಅವರು ದೇವಿದಾಸನನ್ನು ಬಣವೆಯ ಹಿಂದಕ್ಕೆ ಕರೆಸಿದರು. "ತಮಾ, ಆ ಕೊಯ್ನಾ ಗುಳ್ಗಿ ತಿಂದ್ರೆ ಗಡ್ಡಿ ಹೋತದ್ಯಾ?"

"ಪೂರ್ತಿ ಹೋಗುತ್ತದೆ."

"ಹಂಗಾರೆ ಕೊಡು. ಆದ್ರೆ ಊರ ದೇವ್ರ ಮೇಲೆ ಆಣೆ ಮಾಡು, ಯಾರ ಹತ್ರನೂ ಹೇಳೂದಿಲ್ಲಾ ಅಂತ. ನಾನ್ ಗುಳ್ಗಿ ತಿಂದೆ, ಹೊಟ್ಟಿ ಇಳೀತು ಅಂದ್ರೆ ಆ ತಿಮ್ಮು ಎಂತಾ ಹೇಳ್ತಾ ಗೊತ್ತದ್ಯಾ? ಗೌಡ್ರು ಬಸ್ರು ಇಳ್ಸಕಂಡ್ರು ಅಂತಾ! ನಾನ್ ಮತ್ತೆ ಈ ಊರಲ್ಲಿ ಮೀಸಿ ಇಟ್ಕಂಡು ತಿರ್ಗೂಕಾತದ್ಯಾ?"

ದೇವಿದಾಸ ಆಣೆ ಮಾಡಿದ. ಅದರಲ್ಲಿ ಏನು ದೋಷವಿದೆಯೆಂದು ಅವನಿಗೆ ತೋರಲಿಲ್ಲ. ಬಣವೆಯ ಹಿಂದೆ ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ನುಂಗಿ, ಕೆಲವೇ ವಾರಗಳಲ್ಲಿ ಗೌಡರ ಗಡ್ಡೆ ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿದು ಮಾಯವಾಯಿತು. ಚಳಿ ನಿಂತಿತು, ಗಂಜಿ ಹೆಚ್ಚು ಸೇರಿತು. ಜೋಡು ತೆಂಗಿನಕಾಯಿ ಒಡೆಸಿದ್ದರ ಫಲವೆಂದು ಗೌಡರು ಕೇಳಿದವರಿಗೆಲ್ಲ ಹೇಳಿದರು.

ಗೌಡರು ತಿನ್ನದ ಗುಳಿಗೆಯನ್ನು ಊರಿನಲ್ಲಿ ಮತ್ತಾರು ತಿನ್ನುತ್ತಾರೆ? ಬಹಿರಂಗವಾಗಿ ತಿಂದವಳು ದುರ್ಗಿ ಒಬ್ಬಳೇ, ಮದುವೆಯ ದಿನ ನಡುಗುತ್ತ ನಿಲ್ಲಬಾರದೆಂದು. ಅವಳು ಗುಳಿಗೆ ತಿನ್ನುವುದನ್ನು ನೋಡಲು ನೆರೆಹೊರೆಯವರು ಸೇರುತ್ತಿದ್ದರು. ನಾಲಗೆಗೆ ಮುಟ್ಟಿದ್ದೇ ಕಣ್ಣು, ಮೂಗು, ಬಾಯಿ ಎಲ್ಲವನ್ನೂ ಒಂದೇ ಕಡೆ ಕಿವುಚಿ, ಅಂಗಳವನ್ನು ಎರಡು ಸುತ್ತು ಓಡಿ, ಬೆಲ್ಲ ಬೆಲ್ಲ ಎಂದು ಕೂಗುತ್ತಿದ್ದಳು. ದೇವಿದಾಸ ಕೂಡ ಒಂದು ದಿನ ಡಾಕ್ಟರಿಕೆಯನ್ನು ಮರೆತು ನಕ್ಕುಬಿಟ್ಟ.

ಹಿಲ್ಲೂರಿನ ತಮಾಷೆ ಅಂಕೋಲೆಯ ಸಂತೆಗೆ ಹೋಯಿತು, ಸಂತೆಯಿಂದ ಕಾರವಾರದ ಕಡೆಗೆ ಹೊರಟಿತು. ದಾರಿಯಲ್ಲಿ ನಗೆ ಉದುರಿಹೋಯಿತು, ಗೌಡರೂ ಉದುರಿಹೋದರು. ಕಡಲತೀರದ ಕದ್ವಾಡಕ್ಕೆ ಚಳಿಜ್ವರವೂ ಅಷ್ಟಾಗಿ ಗೊತ್ತಿಲ್ಲ, ಜ್ವರಗಡ್ಡೆಯಂತೂ ಗೊತ್ತೇ ಇಲ್ಲ. ಅಲ್ಲಿಗೆ ಮುಟ್ಟಿದ್ದು ಇಷ್ಟು: ಸುಕ್ರಿಯ ಮಗಳನ್ನು ಪರೀಕ್ಷೆ ಮಾಡಿದರಂತೆ, ನಾಲ್ಕಂತೆ, ತಾನೇ ಒಪ್ಪಿಕೊಂಡಳಂತೆ, ಈಗ ಗುಳಿಗೆ ಕೊಡುತ್ತಿದ್ದಾರಂತೆ. ಕೊಯ್ನಾ ಗುಳಿಗೆಯನ್ನು ಗುಟ್ಟಾಗಿ ಯಾವ ಹೆಂಗಸರು ಯಾವುದಕ್ಕೆ ನುಂಗುತ್ತಾರೆಂಬುದು ಮಾತ್ರ ಕದ್ವಾಡಕ್ಕೆ ಚೆನ್ನಾಗಿ ಗೊತ್ತಿತ್ತು.

ಸುದ್ದಿ ತಂದವಳು ಕಾಶಿ. ಕದ್ವಾಡದಲ್ಲಿ ಬುಟ್ಟಿ ಇಳಿಸಿದವಳು ಮೀನು ಮಾರದೆ ಮರಳಿ ಬಂದಿದ್ದಳು.

"ಎಂತಾ ಮಾಡಿ ಇಟ್ಟಿ ಪುತಾ? ಪುಟ್ಟು ಗೌಡ್ರು ಮದ್ವಿ ಸೋಯರಿಕಿನೇ ಬೇಡಾ ಅಂತಾ ಕೂತರೆ. ನಾ ಹೋಗಿ ಹೇಳ್ತೆ, ಹೆಂಗಸ್ರ ಹತ್ರ ಹೆಂಗೆ ಹೇಳೂಕು ನಂಗೊತ್ತದೆ. ನೀ ಹೋಗೂದ್ ಬೇಡಾ."

ಆದರೆ ದೇವಿದಾಸನಿಗೆ ಈಗ ಬಾಯಿ ತೆರೆಯುವ ಹುರುಪು ಬಂದಿತ್ತು. ಕೈ ಮೊದಲಾಗಿ ಬಾಯಿ ಆಮೇಲಾದರೆ ಏನಾಗುತ್ತದೆಂದು ರಾಮನಾಥ ಡಾಕ್ಟರರು ಹೇಳಿರಲಿಲ್ಲ. ಟೊಪ್ಪಿಗೆ ಹಾಕಿಕೊಂಡು ಅವನೇ ಕದ್ವಾಡಕ್ಕೆ ನಡೆದ.

ಪುಟ್ಟು ಗೌಡರು ಮರ್ಯಾದಸ್ಥರು. ಚಾಪೆ ಹಾಸಿ, ಬೆಲ್ಲ ನೀರು ಕೊಟ್ಟರು. ಸುತ್ತಮುತ್ತಲಿನವರು ತಮಗೆ ಇಲ್ಲೇನೋ ಕೆಲಸವಿದ್ದ ಹಾಗೆ ಒಬ್ಬೊಬ್ಬರಾಗಿ ಅಂಗಳಕ್ಕೆ ಬಂದು ಕೂತರು.

"ಕಾಶಿಬಾಯಿ ಮಗ ಅಲ್ದಾ ನೀನು? ಹೇಳು ತಮಾ. ಆ ಹುಡ್ಗಿ ಹೊಟ್ಟಿ ನೋಡಿದ್ದು ನೀನೇಯಾ?"

"ನಾನೇ. ಒಂದು ಸಲವಲ್ಲ, ವಾರ ವಾರ ನಾನೇ ನೋಡುತ್ತಿದ್ದೇನೆ. ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ."

ಅಂಗಳದಲ್ಲಿ ಯಾರೋ ಕೆಮ್ಮಿದರು.

"ಮತ್ತೆ... ಉಂಟಾ ಒಳಗೆ?"

"ಇದೆ. ಆದರೆ ಹೆದರುವಂಥದ್ದಲ್ಲ. ಹಿಲ್ಲೂರಿನಲ್ಲಿ ಮನೆ ಮನೆಯಲ್ಲೂ ಇದೆ. ಇನ್ನೂ ಮದುವೆಯಾಗದ ಹುಡುಗಿಯರಲ್ಲೇ ಎಷ್ಟೋ ಜನಕ್ಕಿದೆ!"

ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಒಬ್ಬ ಮುದುಕಿ ಎದ್ದುಹೋಗಿ ತನ್ನ ಮೊಮ್ಮಗಳನ್ನು ಒಳಗೆ ಕಳಿಸಿ ಮತ್ತೆ ಬಂದು ಕೂತಳು.

"ಗುಳ್ಗಿ ಕೊಟ್ರಂತೆ?"

"ಕೊಟ್ಟಿದ್ದೇನೆ. ದಿನಾ ನುಂಗುತ್ತಿದ್ದಾಳೆ, ಕರಗುತ್ತಾ ಬಂದಿದೆ. ಮದುವೆಯ ಹೊತ್ತಿಗೆ ಅಲ್ಲಿ ಏನಿತ್ತೆಂದೇ ಯಾರಿಗೂ ತಿಳಿಯುವುದಿಲ್ಲ. ನೀವು ನನ್ನ ಮೇಲೆ ಬಿಡಿ."

ಪುಟ್ಟು ಗೌಡರು ಬೆಲ್ಲ ನೀರಿನ ಚೊಂಬನ್ನು ಅವನ ಮುಂದಿನಿಂದ ತೆಗೆದು ಆಚೆಗಿಟ್ಟರು. ಎಲ್ಲೋ ಎಡವಿದೆನೆಂದು ದೇವಿದಾಸನಿಗೂ ಅನ್ನಿಸಿತು. ಮಾತಿನಿಂದ ಆಗದ್ದನ್ನು ಮಾಡಿ ತೋರಿಸೋಣವೆಂದು ಅವನು ಗೌಡರ ಭುಜ ಹಿಡಿದು ಚಾಪೆಯ ಮೇಲೆ ಒರಗಿಸಿ, ಮೊಣಕಾಲು ಮಡಚಿಸಿ, ಹೊಟ್ಟೆ ಒತ್ತಿದ.

"ನೋಡಿ, ನಿಮ್ಮಲ್ಲಿ ಏನೂ ಇಲ್ಲ!"

"ನನ್ನಲ್ಲಿ ಇರೂಕೆ ನಾನೇನ್ ಹೆಂಗ್ಸಾ?" ಎಂದು ಪುಟ್ಟು ಗೌಡರು ಎದ್ದು ನಿಂತರು. ಅವರ ದನಿ ಏರಲಿಲ್ಲ. "ಹೋಗು ತಮಾ. ನಿನ್ನ ಆಯಿ ಮುಖ ನೋಡಿ ಬಿಟ್ಟೆ. ಹಿಲ್ಲೂರಿಗೆ ಹೇಳು, ನಮ್ಮ ಮಾದುಗೆ ಬೇರೆ ಕಡೆ ನೋಡ್ತ್ರು ಅಂತಾ."

ಹೀಗೆ ಕದ್ವಾಡದ ಅನುಮಾನವನ್ನು ದೇವಿದಾಸ ಸ್ವಂತ ಪ್ರಯತ್ನದಿಂದ, ಯಾರ ಸಹಾಯವೂ ಇಲ್ಲದೆ, ನಿಶ್ಚಯವಾಗಿ ಮಾಡಿ ಬಂದ.

ಮುರಿದ ಸಂಬಂಧದ ಸುದ್ದಿ ಹಿಲ್ಲೂರಿಗೆ ಬಂದ ದಿನ ಪಂಚರು ಕೂಡಿದರು. ತಮಾಷೆ ಮಾಡಿದ ಜನವೇ ಈಗ ತಮ್ಮ ತಮಾಷೆಯನ್ನು ಅರೆಬರೆ ನಂಬುವ ಹಾಗಾಗಿತ್ತು. ಒಂದು ಇಡೀ ಊರು ನಂಬಿದ ಮೇಲೆ ಅದರಲ್ಲಿ ಏನೋ ಇರಬೇಕಲ್ಲವೇ, ಕದ್ವಾಡದವರು ಹುಚ್ಚರೇ? ಸುಕ್ರಿ ಕಂಬಕ್ಕೆ ಒರಗಿ ಕೂತಿದ್ದಳು. ದುರ್ಗಿ ಒಳಗೆ ಚಳಿಯಲ್ಲಿ ನಡುಗುತ್ತಿದ್ದಳು. ಗುಳಿಗೆಯಿಂದ ನಿಲ್ಲತೊಡಗಿದ್ದ ಚಳಿ, ಗಲಾಟೆಯಲ್ಲಿ ನಾಲ್ಕು ದಿನ ಗುಳಿಗೆ ತಪ್ಪಿದ್ದೇ ಮರಳಿ ಬಂದಿತ್ತು.

ಜಟ್ಟ ಗೌಡರು ಆಳವಾಗಿ ವಿಚಾರಮಾಡಿ ತೀರ್ಪು ಕೊಟ್ಟರು.

"ಹುಡ್ಗಿ ಚೊಕ್ಕ ಅದೆ, ನಂಗೊತ್ತದೆ. ಆದ್ರೆ ನಂಗೊತ್ತಿದ್ರೆ ಆಗೂದಿಲ್ಲಾ, ಕದ್ವಾಡದವ್ರಿಗೆ ಗೊತ್ತಾಗೂಕು. ಈಗ ಗುಳ್ಗಿ ಕೊಟ್ರಿ, ಗಡ್ಡಿ ಹೋತು ಅಂತಾ ಇಟ್ಕಳಿ. ಅವ್ರು ಎಂತಾ ಹೇಳ್ತ್ರು? ಇಳ್ಸಿದ್ರು ಅಂತ್ರು. ಗುಳ್ಗಿನೇ ಕೊಡ್ಲಿಲ್ಲಾ ಅಂದ್ರೆ? ಒಂಬತ್ತು ತಿಂಗ್ಳು ಕಳೀಲಿ. ಕೂಸು ಹುಟ್ಟೂದಿಲ್ಲಾ. ಆಗ ಯಾರ ಬಾಯೂ ಏಳೂದಿಲ್ಲಾ."

ಎಂಥ ಬುದ್ಧಿ ಎಂದು ಪಂಚರು ಬೆರಗಾದರು. ಇಷ್ಟು ಸರಳವಾದ ಉಪಾಯ ತಮಗೆ ಹೊಳೆಯಲಿಲ್ಲವಲ್ಲ ಎಂದು ತಿಮ್ಮು ತಲೆ ಬಡಿದುಕೊಂಡ.

"ಅಷ್ಟು ತಿಂಗಳು ಗುಳಿಗೆ ಇಲ್ಲದಿದ್ದರೆ ಗಡ್ಡೆ ಬೆಳೆಯುತ್ತದೆ," ಎಂದು ದೇವಿದಾಸ ಕೂಗಿದ. "ಹುಡುಗಿ ಉಳಿಯುವುದಿಲ್ಲ! ಗುಳಿಗೆಯಿಂದ ಗಡ್ಡೆ ಹೋಗುತ್ತದೆ, ಅದು ಜ್ವರದ್ದೇ ಎಂಬುದಕ್ಕೆ ಸಾಕ್ಷಿ ಇದೆ. ಈ ಊರಲ್ಲೇ..."

ಅಲ್ಲಿಗೆ ಅವನ ಮಾತು ನಿಂತಿತು. ಜಟ್ಟ ಗೌಡರು ಅವನನ್ನೇ ನೋಡುತ್ತಿದ್ದರು. ಅವರ ಒಂದು ಕೈಯಲ್ಲಿ ಅವನ ಶೋಧದ ಕಾಗದವಿತ್ತು: ಈ ವಿದ್ಯಾರ್ಥಿ ನಮ್ಮ ಊರಿನಲ್ಲಿ ಕೆಲಸವನ್ನು ಪೂರ್ತಿ ಮಾಡಿದ್ದಾನೆಂದು ಊರಗೌಡರು ಹೆಬ್ಬೆಟ್ಟು ಒತ್ತಬೇಕಾದದ್ದು. ಮಸಿ ಹಚ್ಚಿದ ಹೆಬ್ಬೆಟ್ಟು ಕಾಗದದಿಂದ ಒಂದು ಬೆರಳಷ್ಟು ಮೇಲೆ ನಿಂತಿತ್ತು.

"ಯಾರು ಸಾಕ್ಷಿ, ತಮಾ?" ಎಂದರು ಗೌಡರು ಮೆಲ್ಲಗೆ.

ಆ ಕಾಗದವಿಲ್ಲದೆ ಪರೀಕ್ಷೆಗೆ ಕೂರುವ ಹಾಗಿರಲಿಲ್ಲ. ಕಾಶಿಯ ತಲೆಯ ಮೇಲಿನ ಬುಟ್ಟಿ ಅವನ ಕಣ್ಣಿಗೆ ಬಂತು, ಆಣೆ ನೆನಪಿಗೆ ಬಂತು. ಆಣೆ ಎಂಬುದು ಇಂಥ ಹೊತ್ತಿನಲ್ಲಿ ತಪ್ಪದೆ ನೆನಪಿಗೆ ಬರುತ್ತದೆ. ಅವನು ಬಾಯಿ ಮುಚ್ಚಿದ. ಹೆಬ್ಬೆಟ್ಟು ಕಾಗದಕ್ಕೆ ಇಳಿಯಿತು. ಸುಕ್ರಿ ಒಳಗೆ ಹೋಗಿ ಉಳಿದ ಗುಳಿಗೆಗಳ ಪೊಟ್ಟಣವನ್ನು ತಂದು, ಎಲ್ಲರಿಗೂ ಕಾಣುವ ಹಾಗೆ, ಅವನ ಕೈಗೆ ಮರಳಿ ಕೊಟ್ಟಳು.

ಪುಣೆಯಲ್ಲಿ ಅವನ ಶೋಧಕ್ಕೆ ಒಳ್ಳೆಯ ಹೆಸರು ಬಂತು. ಗುರುಗಳು ಅದನ್ನು ತರಗತಿಯಲ್ಲಿ ಓದಿಸಿದರು. ಒಬ್ಬ ಹುಡುಗಿಗೆ ಔಷಧ ನಿಲ್ಲಿಸಲಾಗಿದೆ ಎಂಬಲ್ಲಿಗೆ ಬಂದಾಗ ಅವರ ಮುಖ ಅರಳಿತು. ಒಂಬತ್ತು ತಿಂಗಳು ಔಷಧ ಮುಟ್ಟದ ರೋಗಿ ಇಂದಿನ ದಿನಗಳಲ್ಲಿ ಎಲ್ಲಿ ಸಿಗುತ್ತಾಳೆ, ಬಹಳ ಬೆಲೆಬಾಳುವ ಸಂಗತಿ, ಮುಂದಿನ ರಜೆಯಲ್ಲಿ ಹೋಗಿ ಮ‌ತ್ತೆ ಅಳೆದುಕೊಂಡು ಬಾ ಎಂದರು. ಗೆಳೆಯರು ಅವನ ಬೆನ್ನು ತಟ್ಟಿದರು. ದೇವಿದಾಸ ಆ ದಿನ ಊಟ ಮಾಡಲಿಲ್ಲ. ಟೊಪ್ಪಿಗೆಯನ್ನು ಹಳೆಸಾಮಾನಿನ ಅಂಗಡಿಗೇ ತಿರುಗಿ ಕೊಟ್ಟು ಬಂದ.

ಇದನ್ನೆಲ್ಲ ಬರೆದ ಅವನ ಪತ್ರವನ್ನು ಓದಿಸಿಕೊಂಡ ಕಾಶಿ, ರಾಮನಾಥ ಡಾಕ್ಟರರಲ್ಲಿ ಗುಳಿಗೆ ಇಸಿದುಕೊಂಡು, ಒಣ ಸಿಗಡಿಯ ನಡುವೆ ಹುದುಗಿಸಿ ಹಿಲ್ಲೂರಿಗೆ ಹೋದಳು. ಸುಕ್ರಿ ಬುಟ್ಟಿಗೆ ಕೈ ಹಾಕಿದವಳೇ ಪೊಟ್ಟಣವನ್ನು ಹೊರಗೆ ತೆಗೆದಳು.

"ಕಾಶಕ್ಕಾ, ನಿನ್ನ ಕಾಲಿಗೆ ಬೀಳ್ತೆ. ಇದು ನಮ್ಮನ್ಯಾಗೆ ಇತ್ತು ಅಂತಾ ಗೊತ್ತಾದ್ರೆ ಇಷ್ಟ್ ದಿನಾ ನಡ್ಗಿದ್ದೂ ಸುಳ್ಳಾತದೆ."

ದುರ್ಗಿ ಜಗುಲಿಯಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ದೊಡ್ಡದು. ಅವಳು ಬುಟ್ಟಿಯಿಂದ ಒಂದು ಹಿಡಿ ಸಿಗಡಿ ತೆಗೆದುಕೊಂಡು ನಕ್ಕಳಂತೆ. "ಗುಳ್ಗಿ ನಂಗೆ ಬೇಕಾಗಿತ್ತು ಕಾಶಕ್ಕಾ. ಆದ್ರೆ ಅವ್ವಿ ಮುಖ ನೋಡು. ಇರ್ಲಿ ಬಿಡು, ಇನ್ನೆಷ್ಟ್ ತಿಂಗ್ಳು." ಹೊಟ್ಟೆ ಬೆಳೆಯುತ್ತಿದ್ದಂತೆ ಊರು ಬಾಗಿಲಲ್ಲಿ ಕೂತು ತಿಂಗಳು ಎಣಿಸುತ್ತಿತ್ತು. ಪಂಥ ಕಟ್ಟಿದವರೂ ಇದ್ದರು. ಇದನ್ನೆಲ್ಲ ಕಾಶಿ ಮಗನಿಗೆ ಬರೆಸಿದಳು, ಅವನು ಓದಿದ. ಅಂಥದ್ದನ್ನು ಓದಿ ಮನುಷ್ಯ ಹೇಗೆ ಪುಣೆಯಲ್ಲೇ ಕೂತಿರುತ್ತಾನೆಂದು ಕೇಳಿದರೆ, ಹೆಚ್ಚಿನವರು ಹಾಗೆಯೇ ಕೂತಿರುತ್ತಾರೆ.

ಸುಗ್ಗಿಯ ಹೊತ್ತಿಗೆ ಅವನು ಬಂದ. ಊರಿನಲ್ಲಿ ಸುಗ್ಗಿಕುಣಿತದ ಗುಮಟೆಯ ಸದ್ದಿತ್ತು. ತಿಂಗಳು ತುಂಬಿ ಮೇಲೆ ದಿನಗಳೂ ಆಗಿದ್ದವು. ಪಂಚರು ಸುಕ್ರಿಯ ಅಂಗಳದಲ್ಲಿ ಕೂತಿದ್ದರು. ಗಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದಳು. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು.

"ಕೂಸಿಲ್ಲಾ. ಕೂಸು ಯಾವತ್ತೂ ಇರ್ಲಿಲ್ಲಾ. ಬರೇ ಗಡ್ಡಿ, ಕಲ್ಲಿನಂಗೆ."

ಅಂಗಳದಲ್ಲಿ ಆದ ಸಂತೋಷವನ್ನು ಹೇಳಿ ತೀರದು. ಗೌಡರು ಮೀಸೆ ತಿರುವಿ ನಾನು ಹೇಳಿರಲಿಲ್ಲವೇ ಎಂದರು. ತಿಮ್ಮು ಕದ್ವಾಡಕ್ಕೆ ಓಡಿದ. ಹುಡುಗಿಯ ಮಾನ ಉಳಿಯಿತೆಂದು ಹೆಂಗಸರು ಹಾಡಿದರು. ಈ ಸಂಭ್ರಮದಲ್ಲಿ ಹುಡುಗಿ ಎದ್ದು ಹೊರಗೆ ಬರಲಿಲ್ಲವೆಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ಸುಕ್ರಿ ದೇವಿದಾಸನ ಕೈಹಿಡಿದು ಒಳಗೆ ಎಳೆದುಕೊಂಡು ಹೋದಳು. "ಈಗ ಕೊಡಿ ದಾಕ್ತರ್ರೇ. ಎಷ್ಟ್ ಬೇಕಾರೂ ಕೊಡಿ. ಈಗ ಯಾರದೂ ಅಡ್ಡಿಲ್ಲಾ."

ಅವನು ಅಳೆಯಲಿಲ್ಲ. ಗಡ್ಡೆ ಹೊಕ್ಕಳನ್ನು ದಾಟಿ ಹೋಗಿತ್ತು, ಅದಕ್ಕೆ ಬೆರಳು ಸಾಲುತ್ತಿರಲಿಲ್ಲ. ತಲೆ ಎತ್ತಿ ಹಿಡಿದು ಗುಳಿಗೆಯನ್ನು ನಾಲಗೆಯ ಮೇಲಿಟ್ಟ. ದುರ್ಗಿ ಮುಖ ಕಿವುಚದೆ ನುಂಗಿದಳು. ಅವನು ತಂದಿದ್ದ ಬೆಲ್ಲ ಕೈಯಲ್ಲೇ ಉಳಿಯಿತು. ಆಮೇಲೆ ಅವಳು ಅವನ ತಲೆಯನ್ನು ನೋಡಿ, "ಟೊಪ್ಗಿ ಎಲ್ಲೋತು?" ಎಂದಳು.

ಮೂರನೆಯ ದಿನ ಅವಳು ತೀರಿಕೊಂಡಳು. ಅಂದೇ ಕದ್ವಾಡದವರು ಸೀರೆ, ತೆಂಗಿನಕಾಯಿ ಹಿಡಿದು ಬಂದಿದ್ದರು. ಪುಟ್ಟು ಗೌಡರು ಅಂಗಳದಲ್ಲಿ ನಿಂತು, ಹುಡುಗಿಯ ಮೇಲೆ ನಮಗೆ ಎಂದೂ ಅನುಮಾನವಿರಲಿಲ್ಲ, ಅದು ಜನರ ಮಾತು ಎಂದರು. ತಂದ ಸೀರೆಯನ್ನು ಅವಳಿಗೇ ಹೊದಿಸಿದರು.

ಮಣ್ಣು ಕೊಟ್ಟು ಬಂದ ಮೇಲೆ ಊರು ಕಾರಣ ಹುಡುಕಿತು. ಹುಡುಕುವುದು ಕಷ್ಟವಾಗಲಿಲ್ಲ. "ಒಂಬತ್ತ್ ತಿಂಗ್ಳು ಗುಳ್ಗಿ ಇಲ್ದೇ ಜೀವಾ ಹಿಡ್ಕಂಡಿತ್ತು," ಎಂದ ತಿಮ್ಮು, ಈ ಸಲ ತಮಾಷೆಗಲ್ಲ. "ಗುಳ್ಗಿ ಹೊಟ್ಟಿಗೆ ಬಿತ್ತು, ಮೂರೇ ದಿನಾ." ಎಲ್ಲರೂ ತಲೆಯಾಡಿಸಿದರು. ಇನ್ನು ಮೇಲೆ ಹಿಲ್ಲೂರಿನಲ್ಲಿ ಕೊಯ್ನಾ ಗುಳಿಗೆ ಯಾರೂ ಮುಟ್ಟಬಾರದೆಂದು ಪಂಚರು ಕಟ್ಟುಮಾಡಿದರು. ಜಟ್ಟ ಗೌಡರೇ ಅದನ್ನು ಎದ್ದುನಿಂತು ಸಾರಿದರು.

ಆಗ ದೇವಿದಾಸ ಬಾಯಿ ತೆರೆದ. ಗೌಡರು ಗುಳಿಗೆ ನುಂಗಿದ್ದಾರೆ, ಬಣವೆಯ ಹಿಂದೆ ನಾನೇ ಕೊಟ್ಟಿದ್ದೇನೆ, ಅವರ ಮೂರು ಬೆರಳು ಅದರಿಂದಲೇ ಕರಗಿದ್ದು ಎಂದು ಕೂಗಿ ಹೇಳಿದ. ಗೌಡರು ಮೀಸೆ ನೇವರಿಸಿಕೊಂಡು, ಪಾಪ, ಹುಡುಗನಿಗೆ ತಲೆ ಕೆಟ್ಟಿದೆ ಎಂದರು. ಊರು ಅದನ್ನು ನಂಬಿತು.

ಅವನು ಚೀಲ ಹೊತ್ತು ಹಳ್ಳದ ದಂಡೆಗೆ ಬಂದಾಗ ಹಿಂದಿನಿಂದ ಯಾರೋ ಕರೆದರು. ಜಟ್ಟ ಗೌಡರು, ಸುಡುಬಿಸಿಲಲ್ಲಿ ಕಂಬಳಿ ಹೊದ್ದಿದ್ದರು. ಅತ್ತಿತ್ತ ನೋಡಿ ಕೈಚಾಚಿದರು.

"ಚಳಿ ಮತ್ತೆ ಸುರುವಾಗದೆ ತಮಾ. ನಾಕ್ ಗುಳ್ಗಿ ಅದ್ಯಾ?"

"ಪಂಚರ ಮುಂದೆ ಬಂದು ಕೇಳಿ. ಅಲ್ಲೇ ಕೊಡುತ್ತೇನೆ."

"ಅದೊಂದ್ ಆಗೂದಿಲ್ಲಾ," ಎಂದರು ಗೌಡರು. ಹಲ್ಲು ಕಟಕಟ ಎನ್ನುತ್ತಿದ್ದವು. ಅಲ್ಲಿಯೇ ಒಂದು ಕಲ್ಲಿನ ಮೇಲೆ ಮುದುಡಿ ಕೂತರು.

ದೇವಿದಾಸ ಹಳ್ಳಕ್ಕೆ ಇಳಿದ. ನಡುನೀರಿನವರೆಗೆ ಹೋಗಿ ನಿಂತ. ಆಮೇಲೆ ತಿರುಗಿ ಬಂದು, ದುರ್ಗಿಗೆಂದು ತಂದು ಉಳಿದಿದ್ದ ಗುಳಿಗೆಯ ಪೊಟ್ಟಣವನ್ನು ಚೀಲದಿಂದ ತೆಗೆದು ಗೌಡರ ಅಂಗೈಯಲ್ಲಿಟ್ಟ.

ಗೌಡರು ಒಂದು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು ಬೊಗಸೆಯಲ್ಲಿ ನೀರು ಕುಡಿದರು. ಮೀಸೆ, ಮೂಗು, ಕಣ್ಣು ಎಲ್ಲ ಒಂದಾಗುವ ಹಾಗೆ ಮುಖ ಕಿವುಚಿದರು.

"ಥೂ, ಎಂತಾ ಕಹಿ ಮಾರಾಯಾ! ಪಾಪದ ಕೂಸು, ಹೆಂಗ್ ನುಂಗ್ತೋ ಇದ್ನಾ!"

"ಕೊನೆಯ ಸಲ ಅವಳು ಮುಖ ಕಿವುಚಲಿಲ್ಲ ಗೌಡರೇ," ಎಂದ ದೇವಿದಾಸ.

ಗೌಡರು ಪೊಟ್ಟಣವನ್ನು ಕಂಬಳಿಯೊಳಗೆ ಸಿಕ್ಕಿಸಿಕೊಂಡು, ಯಾರಾದರೂ ಕಾಣುವ ಮೊದಲು, ಬಣವೆಯ ಕಡೆಯ ಹಾದಿ ಹಿಡಿದು ಹೋದರು.